ಅಪ್ಪನಿಗೆ ಎಷ್ಟು ವ್ಯಾಟ್ ಬೇಕು?

ದಾವಣಗೆರೆ ಮನೆಯ ಹಾಲ್‌ಗೆ ಹೋಮ್ ಥಿಯೇಟರ್ ತರ್ತೀನಿ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು, "ಎಷ್ಟು ದುಡ್ಡು?" ಅಂಗಡಿಯವನು ಕೇಳಿದ್ದೂ ಒಂದೇ ಮಾತು, "ಎಷ್ಟು ವ್ಯಾಟ್ ಬೇಕು ಸರ್?" ಅಪ್ಪ ಏನನ್ನೂ ಕೇಳಲಿಲ್ಲ. ನಾವು ಏನು ಮಾತಾಡ್ತಿದೀವಿ ಅಂತಲೇ ಅವರಿಗೆ ಗೊತ್ತಾಗಿರಲಿಲ್ಲ.

ಆಂಪ್ಲಿಫೈಯರ್ ಬಗ್ಗೆ ಬರೆಯೋಕೆ ಕೂತವನು ಮೊದಲು ಅಪ್ಪನ ಕಿವಿ ಬಗ್ಗೆ ಹೇಳಬೇಕು. ನಮ್ಮದು ಹರಿಹರ ತಾಲ್ಲೂಕಿನ ಹಳ್ಳಿ, ತುಂಗಭದ್ರೆಯ ದಡ. ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದಲ್ಲಿ ಅಪ್ಪ ದಿನಾ ಆ ದಾರಿ ಸವೆಸಿ ಒಂದು ಕಾಟನ್ ಮಿಲ್ಲಿನ ನೇಯ್ಗೆ ವಿಭಾಗಕ್ಕೆ ಹೋಗ್ತಿದ್ದರು. ಸಾಲು ಸಾಲು ಮಗ್ಗ, ಎಲ್ಲದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಬಡೀತಾ ಇರೋದು. ಅಂಥ ಶೆಡ್ಡಿನ ಸದ್ದು 90 ಡೆಸಿಬಲ್‌ಗೂ ಮೇಲೆ. ಅಲ್ಲಿ ಯಾರೂ ಮಾತಾಡ್ತಿರಲಿಲ್ಲವಂತೆ, ಕೈಸನ್ನೆ, ತುಟಿಸನ್ನೆ ಅಷ್ಟೇ. 26 ವರ್ಷ ಹೀಗೆ ಕಳೆದವರಿಗೆ ಈಗ ಕಿವುಡು ಅಂತ ಹೇಳೋ ಹಾಗೂ ಇಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ. ಅವರ ಮಾತಲ್ಲೇ ಹೇಳೋದಾದ್ರೆ, "ಸಪ್ಪಳ ಕೇಳ್ತತಿ, ಮಾತು ತಿಳಿಯಲ್ಲ."

ಕಿವಿ ಡಾಕ್ಟರ್ ಕೊಟ್ಟ ಆಡಿಯೋಗ್ರಾಮ್ ನೋಡಿದಾಗ ನನಗೆ ಇದು ಸರಿಯಾಗಿ ಅರ್ಥ ಆಯ್ತು. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಗೆರೆ ಪರವಾಗಿಲ್ಲ, 4000 ಹರ್ಟ್ಜ್ ಹತ್ತಿರ ಬಾವಿಗೆ ಬಿದ್ದ ಹಾಗೆ ಬಿದ್ದಿದೆ. ಗದ್ದಲದಲ್ಲಿ ದುಡಿದವರ ಕಿವಿಯ ಗುರುತೇ ಇದು. ನಮ್ಮ ಭಾಷೆಯ ಸ್ವರಗಳೆಲ್ಲ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ದಪ್ಪಗೆ ಕೂತಿವೆ, ಅವು ಕೇಳ್ತವೆ. ಸ, ಶ, ಚ ಥರದ ವ್ಯಂಜನಗಳ ಗುರುತು ಇರೋದು ಮೇಲೆ, ಅವು ಹೋಗ್ತವೆ. ನಾನು "ಸಾಲ ತೀರ್ತು" ಅಂದ್ರೆ ಅಪ್ಪ, "ಶಾಲಿ ತೆರೀತಾ? ಇವತ್ತು ಭಾನುವಾರ ಅಲ್ಲೇನಲೇ?" ಅಂತಾರೆ. ಹಿಯರಿಂಗ್ ಏಡ್ ಇದೆ. ಬೀರುವಿನಲ್ಲಿದೆ.

ವರ್ಕ್ ಫ್ರಮ್ ಹೋಮ್ ಕೃಪೆಯಿಂದ ನಾನು ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದು ಕೂತಾಗ ನೋಡಿದ್ದು, ಅಪ್ಪ ಸಿನಿಮಾ ನೋಡೋದನ್ನೇ ಬಿಟ್ಟಿದ್ದಾರೆ. ಟಿವಿ ಮುಂದೆ ಕೂರ್ತಾರೆ, ಚಿತ್ರ ನೋಡ್ತಾರೆ, ಎದ್ದು ಹೋಗ್ತಾರೆ. ಸೌಂಡ್ ಕಡಿಮೆಯಾಗಿರೋದಕ್ಕೇ ಹೀಗೆ, ಜಾಸ್ತಿ ಮಾಡಿದ್ರೆ ಸರಿಹೋಗುತ್ತೆ ಅಂದುಕೊಂಡೆ. ಬಿಇ ಓದಿದವನು ಹೀಗೆ ಯೋಚಿಸಿದ್ದು ನಾಚಿಕೆಗೇಡು. ಆದ್ರೆ ಇಡೀ ಮಾರುಕಟ್ಟೆ ಯೋಚಿಸೋದೇ ಹೀಗೆ.

ಮೊದಲು ಮಾರುಕಟ್ಟೆಯ ಕೆಳಗಿನ ಮೆಟ್ಟಿಲು. ಡಬ್ಬದ ಮೇಲೆ ಬೆಂಕಿಯ ಚಿತ್ರ, ಅದರ ಮೇಲೆ 5000 ವ್ಯಾಟ್ ಪಿಎಂಪಿಒ. ಡಬ್ಬ ತಿರುಗಿಸಿ ಅಡಾಪ್ಟರ್ ನೋಡಿ: 12 ವೋಲ್ಟ್, 2 ಆಂಪಿಯರ್. ಗುಣಿಸಿ. ಗೋಡೆಯಿಂದ ಒಳಗೆ ಬರೋದು 24 ವ್ಯಾಟ್, ಸ್ಪೀಕರಿನಿಂದ ಹೊರಗೆ ಬರೋದು 5000! ಪಿಯುಸಿ ಫಿಸಿಕ್ಸ್‌ನಲ್ಲಿ ಫೇಲಾದವನೂ ನಗಬೇಕು. ಆದರೆ ಯಾರೂ ನಗಲ್ಲ, ಚೌಕಾಸಿ ಮಾಡ್ತಾರೆ. ಪಿಎಂಪಿಒ ಅಂದ್ರೆ ಇಂತಿಷ್ಟೇ ಅಂತ ಅಳೆಯೋ ಸರ್ವಸಮ್ಮತ ವಿಧಾನವೇ ಇಲ್ಲ. ತಯಾರಕರ ಕಲ್ಪನಾಶಕ್ತಿ ಎಷ್ಟೋ ಅಷ್ಟು ವ್ಯಾಟ್.

ಮೇಲಿನ ಮೆಟ್ಟಿಲಿನ ಸುಳ್ಳಿಗೆ ಟೈ ಕಟ್ಟಿರ್ತಾರೆ. 5.1, 7.1 ಎವಿ ರಿಸೀವರ್‌ಗಳ ಬ್ರೋಷರ್‌ನಲ್ಲಿ "ಚಾನೆಲ್‌ಗೆ 150 ವ್ಯಾಟ್" ಅಂತ ದಪ್ಪಕ್ಷರದಲ್ಲಿದ್ದರೆ ಅದರ ಕೆಳಗಿನ ಇರುವೆ ಅಕ್ಷರ ಓದಿ: 6 ಓಮ್, 1 ಕಿಲೋಹರ್ಟ್ಜ್, 10% ಡಿಸ್ಟಾರ್ಷನ್, ಒಂದೇ ಚಾನೆಲ್ ಚಾಲನೆಯಲ್ಲಿ. ಅಂದರೆ ಒಂದೇ ಒಂದು ಸ್ವರವನ್ನು, ಒಂದೇ ಸ್ಪೀಕರಿಗೆ, ಅದು ಒಡೆದು ಕೇಳೋವರೆಗೂ ಕೊಟ್ಟಾಗ ಸಿಕ್ಕ ಅಂಕಿ. ಎತ್ತಿನಗಾಡಿಯ ಒಂದು ಎತ್ತನ್ನು ಬಿಚ್ಚಿ ಇಳಿಜಾರಿನಲ್ಲಿ ಓಡಿಸಿ, ಗಾಡಿಯ ವೇಗ ಇಷ್ಟು ಅಂದ ಹಾಗೆ. ಅದೇ ಯಂತ್ರವನ್ನು 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್, 0.1%ಗಿಂತ ಕಡಿಮೆ ಡಿಸ್ಟಾರ್ಷನ್ ಅಂತ ಅಳೆದರೆ ಅಂಕಿ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಐದೂ ಚಾನೆಲ್ ಒಟ್ಟಿಗೆ ಓಡಿಸಿದರೆ ಇನ್ನೂ ಕಡಿಮೆ. ಈ ಆಟ ಹಳೇದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ಪವರ್ ಹೇಗೆ ಹೇಳಬೇಕು ಅಂತ ನಿಯಮ ಮಾಡಬೇಕಾಗಿ ಬಂತು.

ಇಷ್ಟೆಲ್ಲ ಓದಿಕೊಂಡ ಮೇಲೂ ನಾನು ಬುದ್ಧಿವಂತನಾಗಲಿಲ್ಲ. ಸುಳ್ಳು ವ್ಯಾಟ್ ಬೇಡ, ನಿಜವಾದ ವ್ಯಾಟ್ ತರೋಣ ಅಂತ ತೀರ್ಮಾನಿಸಿದೆ. ರಿಸೀವರ್ ಎರಡು ಕೆಲಸ ಮಾಡುತ್ತೆ: ಸಿನಿಮಾದ ಡಿಜಿಟಲ್ ಧ್ವನಿಯನ್ನು ಬಿಡಿಸಿ ಐದು ಸ್ಪೀಕರಿಗೂ ಸಬ್‌ವೂಫರಿಗೂ ಹಂಚೋದು, ಆಮೇಲೆ ಆ ಐದನ್ನು ದೊಡ್ಡದು ಮಾಡೋದು. ಎರಡನೇ ಕೆಲಸವನ್ನಷ್ಟೇ ಮಾಡೋ ಪ್ರತ್ಯೇಕ ಪೆಟ್ಟಿಗೆಯೇ ಪವರ್ ಆಂಪ್ಲಿಫೈಯರ್. ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ತು. ಐದು ಚಾನೆಲ್, ಒಂದೊಂದಕ್ಕೆ 200 ವ್ಯಾಟ್, ತೂಕ ಸುಮಾರು ಅರ್ಧ ಚೀಲ ಅಕ್ಕಿ. ಕೊಟ್ಟಿದ್ದು 70,000 ರೂಪಾಯಿ. ಅವ್ವನಿಗೆ ಹೇಳಿದ್ದು 20,000. (ಅವ್ವ ಬ್ಲಾಗು, ಪುಸ್ತಕ ಓದಲ್ಲ.)

ಜೋಡಿಸಿದ ದಿನ ಬಂದ ಮೊದಲ ಸದ್ದು "ಗುಂಯ್ಯ್". ಒಂದು ವಾರ ತಡಕಾಡಿದ ಮೇಲೆ ಗೊತ್ತಾಯ್ತು, ಕೇಬಲ್ ಟಿವಿಯ ತಂತಿ ಒಂದು ಅರ್ಥಿಂಗ್, ಆಂಪ್ಲಿಫೈಯರ್ ಇನ್ನೊಂದು ಅರ್ಥಿಂಗ್, ಎರಡರ ನಡುವೆ ಗ್ರೌಂಡ್ ಲೂಪ್. ಕೇಬಲ್ ಕಿತ್ತಾಗ ನಿಂತಿತು. ಆಮೇಲೆ ಒಂದು ಶನಿವಾರ ರಾತ್ರಿ ದೊಡ್ಡ ಆಕ್ಷನ್ ಸಿನಿಮಾ ಹಾಕಿ ಅಪ್ಪನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆ. ಗಾಜಿನ ಕಿಟಕಿ ನಡುಗ್ತಿತ್ತು. ನಾನು ಹೆಮ್ಮೆಯಿಂದ ತಿರುಗಿ ನೋಡಿದೆ. ಅಪ್ಪ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡಿದ್ದರು. ಹತ್ತು ನಿಮಿಷ ಆದ ಮೇಲೆ ಎದ್ದರು.

"ಮಿಲ್ಲಿಗೆ ಹೋದಂಗಾತು ನೋಡಲೇ," ಅಂದು ಹೊರಗೆ ಕಟ್ಟೆ ಮೇಲೆ ಕೂತರು.

ಆ ರಾತ್ರಿ ನಾನು ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಕೊನೆಗೂ ಮಾಡಿದೆ. ಸ್ಪೀಕರಿನ ಹಿಂದೆ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ, ನನ್ನದು 88. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್. ನಮ್ಮ ಹಾಲ್‌ನಲ್ಲಿ 3 ಮೀಟರ್ ದೂರದ ಕುರ್ಚಿಗೆ ಬರೋ ಹೊತ್ತಿಗೆ ಸುಮಾರು 82. ಮನುಷ್ಯರು ಎದುರುಬದುರು ಕೂತು ಮಾತಾಡೋದೇ 60ರಿಂದ 65 ಡೆಸಿಬಲ್. ಸಿನಿಮಾದ ಮಾತು ಗಟ್ಟಿಯಾಗಿ 70ರಲ್ಲಿ ಬೇಕು ಅಂದರೂ ಸಾಕಾಗೋದು 1 ವ್ಯಾಟಿನ ಹದಿನಾರನೇ ಒಂದು ಭಾಗ! ಅದರ ಮೇಲೆ 20 ಡೆಸಿಬಲ್ ಏರುವ ಬಾಂಬು, ಗುಡುಗು ಸೇರಿಸಿ, 6 ವ್ಯಾಟ್ ಚಿಲ್ಲರೆ. 200 ವ್ಯಾಟ್ ಬೇಕಾಗೋದು ಥಿಯೇಟರಿನ ಮಾನದಂಡದ 105 ಡೆಸಿಬಲ್ ಶಿಖರ ಮನೆಯಲ್ಲೂ ಬೇಕು ಅನ್ನೋರಿಗೆ. ಇನ್ನೊಂದು ವಿಷಯ ಅಂಗಡಿಯವರು ಹೇಳಲ್ಲ: ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗಲ್ಲ, 3 ಡೆಸಿಬಲ್ ಏರುತ್ತೆ ಅಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸೋಕೆ ಹತ್ತು ಪಟ್ಟು ವ್ಯಾಟ್ ಬೇಕು. 100ರ ಬದಲು 200 ವ್ಯಾಟಿನದಕ್ಕೆ ಕೊಡೋ ಹೆಚ್ಚಿನ ದುಡ್ಡೆಲ್ಲ ಆ 3 ಡೆಸಿಬಲ್‌ಗೆ.

ಹಾಗಂತ ಪವರ್ ಆಂಪ್ಲಿಫೈಯರ್ ಯಾರಿಗೂ ಬೇಡ ಅಂತಲ್ಲ. 84, 85 ಸೆನ್ಸಿಟಿವಿಟಿಯ, 4 ಓಮ್‌ನ ಸ್ಪೀಕರ್ ಇಟ್ಟು ದೊಡ್ಡ ಹಾಲ್‌ನಲ್ಲಿ ದೂರ ಕೂರೋರಿಗೆ ಬೇಕು. ಅಲ್ಲಿ ರಿಸೀವರ್ ಉಸಿರು ಕಟ್ಟುತ್ತೆ, ತರಂಗದ ತಲೆ ಕತ್ತರಿಸುತ್ತೆ, ಆ ಕ್ಲಿಪ್ಪಿಂಗ್‌ಗೆ ಟ್ವೀಟರ್ ಸುಟ್ಟುಹೋಗಬಹುದು. ಕ್ಲಾಸ್ ಎಬಿಯೋ ಕ್ಲಾಸ್ ಡಿಯೋ ಅನ್ನೋ ಜಗಳಕ್ಕೆ ನಾನು ಇಳಿಯಲ್ಲ. ಡಿ ತಣ್ಣಗಿರುತ್ತೆ, ಹಗುರ, ಕರೆಂಟ್ ಕಡಿಮೆ ತಿನ್ನುತ್ತೆ; ದಾವಣಗೆರೆ ಬೇಸಿಗೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಇನ್ನು "ಈ ಆಂಪ್ಲಿಫೈಯರ್ ಬೆಚ್ಚಗಿದೆ, ಅದು ಮಂಜುಗಡ್ಡೆ" ಅಂತ ಬರೆಯೋ ವಿಮರ್ಶಕರ ಬಗ್ಗೆ ಒಂದೇ ಮಾತು. ಸ್ಟೀರಿಯೋ ರಿವ್ಯೂ ಪತ್ರಿಕೆ 1987ರ ಜನವರಿಯಲ್ಲಿ ಅಗ್ಗದ್ದು, ದುಬಾರಿಯದು ಎಲ್ಲವನ್ನೂ ಹೆಸರು ಮರೆಮಾಚಿ ಕೇಳಿಸಿತ್ತು. ಕೇಳಿದವರಿಗೆ ಯಾವುದು ಯಾವುದು ಅಂತ ನಂಬುವಂತೆ ಗುರುತಿಸೋಕೆ ಆಗಲಿಲ್ಲ. ಶಕ್ತಿ ಮೀರದ ಹಾಗೆ ನುಡಿಸಿದರೆ ಒಳ್ಳೆಯ ಆಂಪ್ಲಿಫೈಯರ್‌ಗಳ ನಡುವಿನ ಫರಕು ಕಿವಿಗಿಂತ ಜಾಸ್ತಿ ಬಿಲ್ಲಿನಲ್ಲಿರುತ್ತೆ.

ನನಗೆ ಸರಿಯಾದ ಪ್ರಶ್ನೆ ಕೇಳಿದ್ದು ಹರಿಹರದ ಒಬ್ಬ ರಿಪೇರಿ ಅಣ್ಣ. ನಾವು ಹೈಸ್ಕೂಲಲ್ಲಿದ್ದಾಗ 4440 ಐಸಿ ಹಾಕಿ ಟ್ರ್ಯಾಕ್ಟರ್‌ಗಳಿಗೆ ಆಂಪ್ಲಿಫೈಯರ್ ಕಟ್ಟಿಕೊಡ್ತಿದ್ದವನು. ಗಣಪತಿ ಪೆಂಡಾಲಿನ ಅಹುಜಾ ಪೆಟ್ಟಿಗೆಗಳೆಲ್ಲ ಅವನ ಬೆಂಚಿನ ಮೇಲೇ ಬಂದು ಹೋಗ್ತಿದ್ದವು. ಹರಿಹರ ಅಂದ್ರೆ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇಥ್‌ಗಳಿಂದ ಹೆಸರಾದ ಊರು. ಅಲ್ಲಿನ ಹಳಬರು ಯಂತ್ರವನ್ನು ಬ್ರೋಷರ್ ನೋಡಿ ನಂಬಲ್ಲ, ಎತ್ತಿ ನೋಡಿ ನಂಬ್ತಾರೆ. ನನ್ನ ಪೆಟ್ಟಿಗೆ ಎತ್ತಿ, "ಟ್ರಾನ್ಸ್‌ಫಾರ್ಮರ್ ಅಸಲಿ ಐತಿ, ಮಾಲು ಚಲೋ," ಅಂದ. ಆಮೇಲೆ, "ಅಪ್ಪಾರಿಗೆ ಅಂತ ತಂದಿ ಅಂದಿ. ಅವರಿಗೆ ಕೇಳಬೇಕಾಗಿದ್ದು ಏನು? ಬಾಂಬೋ, ಮಾತೋ?"

ಮಾತು ಅಣ್ಣ.

"ಮಾತು ಯಾವ ಸ್ಪೀಕರಿನಾಗೆ ಬರ್ತತಿ?"

ನಡುವಿನ ಸೆಂಟರ್ ಸ್ಪೀಕರಿನಲ್ಲಿ. 5.1ರಲ್ಲಿ ಸಂಭಾಷಣೆಯ ಬಹುಪಾಲು ಅದರಲ್ಲೇ. ಮತ್ತೆ ನಾನು ಅತಿ ಕಡಿಮೆ ದುಡ್ಡು ಹಾಕಿದ್ದೂ ಅದಕ್ಕೇ. ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಸೆಟ್‌ಟಾಪ್ ಬಾಕ್ಸಿನ ಹಿಂದೆ, ಅಪ್ಪನ ಮೊಣಕಾಲಿಗೆ ಮಾತಾಡೋ ಹಾಗೆ ತುರುಕಿದ್ದೆ. "ಮನಿಗೆ ಹೋಗಿ ಹಾಲಿನಾಗೆ ಒಂದು ಚಪ್ಪಾಳೆ ತಟ್ಟಿ ನೋಡು," ಅಂದ ಅಣ್ಣ. ತಟ್ಟಿದೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಆರ್‌ಸಿಸಿ ತಾರಸಿ. ಚಪ್ಪಾಳೆ ಮುಗಿದ ಮೇಲೂ "ಟ್ರ್‌ರ್" ಅಂತ ಎಳೀತಿತ್ತು. ಅಪ್ಪನ ಕಿವಿಯಲ್ಲಿ ಮೊದಲೇ ಮಸುಕಾದ ಸ, ಶ, ಚಗಳ ಮೇಲೆ ಈ ಪ್ರತಿಧ್ವನಿಯ ಗಾರೆ ಬೇರೆ. ಸೌಂಡ್ ಏರಿಸಿದಷ್ಟೂ ಗಾರೆಯೂ ಏರ್ತಿತ್ತು.

ಆಮೇಲೆ ಆಗಿದ್ದು ಬೇಗ ಹೇಳಿ ಮುಗಿಸ್ತೀನಿ. ಊರಿಂದ ಎರಡು ಹಳೇ ಕಂಬಳಿ ತಂದು ಹಿಂದಿನ ಗೋಡೆಗೆ ತೂಗುಹಾಕಿದೆ, ನೆಲಕ್ಕೆ ಜಮಖಾನ. ಅವ್ವನಿಗೆ ಕಂಬಳಿ ಗೋಡೆ ಮೇಲೆ ಯಾಕೆ ಅಂತ ಇವತ್ತಿಗೂ ಸಿಟ್ಟು. ಸೆಂಟರ್ ಸ್ಪೀಕರ್ ಬದಲಿಸಿ, ಟಿವಿಯ ಕೆಳಗೇ ಮುಂಚಾಚಿ, ಅಪ್ಪನ ಮುಖಕ್ಕೆ ತಿರುಗಿಸಿದೆ. ರಿಸೀವರ್‌ನಲ್ಲಿ ಸೆಂಟರ್ 4 ಡೆಸಿಬಲ್ ಮೇಲೆ, ಸಬ್‌ವೂಫರ್ ಕೆಳಗೆ. ಬಾಂಬನ್ನು ತಗ್ಗಿಸಿ ಪಿಸುಮಾತನ್ನು ಎತ್ತೋ ನೈಟ್ ಮೋಡ್ ಆನ್. ಪವರ್ ಆಂಪ್ಲಿಫೈಯರ್ ತೆಗೆದು ಅಣ್ಣನ ಅಂಗಡಿಗೆ ಹಾಕಿದೆ. ರಿಸೀವರ್‌ನದೇ ಪುಟ್ಟ ಆಂಪ್ಲಿಫೈಯರ್ ಸಾಕಾಯ್ತು. ಸಾಕಾಗೋದೇನು, ಅದಕ್ಕೂ ಕೆಲಸ ಕಡಿಮೆ.

ಪರೀಕ್ಷೆಗೆ 1977ರ ಬಭ್ರುವಾಹನ ಹಾಕಿದೆ. ಅಪ್ಪ ಇದನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕ ಇಲ್ಲ. ಹಾಗಾಗಿ ಇದು ಪ್ರಾಮಾಣಿಕ ಪರೀಕ್ಷೆ ಅಲ್ಲ, ಅರ್ಧ ಮಾತು ಅವರಿಗೆ ಬಾಯಿಪಾಠ. ಚಿತ್ರ ಮೋನೋ ಕಾಲದ್ದು. ಎಡಕ್ಕೂ ಬಲಕ್ಕೂ ಒಂದೇ ಧ್ವನಿ ಇದ್ದರೆ ರಿಸೀವರ್‌ನ ಸರೌಂಡ್ ಮೋಡ್ ಅದನ್ನೆಲ್ಲ ನಡುವಿಗೇ ಕಳಿಸುತ್ತೆ. ರಾಜ್‌ಕುಮಾರ್ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ಒಂದೇ ಪುಟ್ಟ ಪೆಟ್ಟಿಗೆಯಿಂದ ಮಾತಾಡಿದರು. ಅಪ್ಪನ ತುಟಿ ಜೊತೆಗೇ ಅಲ್ಲಾಡ್ತಿತ್ತು. ಒಂದು ಕಡೆ ನಿಲ್ಲಿಸಿ, "ಈಗ ಅವನು ಏನಂದ ಅಪ್ಪ?" ಅಂತ ಕೇಳಿದೆ. ಹೇಳಿದರು. ಅದು ಬಾಯಿಪಾಠವೋ ಕೇಳಿಸಿದ್ದೋ ಅಂತ ನನಗೆ ಅನುಮಾನ ಇತ್ತು. ಮಾರನೇ ದಿನ ಅವರು ಎಂದೂ ನೋಡಿರದ ಹೊಸ ಸಿನಿಮಾ ಹಾಕಿ, ಐದಾರು ಕಡೆ ನಿಲ್ಲಿಸಿ ಕೇಳಿದೆ. ಮೂರು ಸರಿ ಹೇಳಿದರು, ಒಂದು ಅರ್ಧಂಬರ್ಧ, ಉಳಿದಿದ್ದು ತಪ್ಪು. ನಾಲ್ಕನೇ ಸಲಕ್ಕೆ, "ನೋಡಾಕ ಬಿಡ್ತೀಯೇನು?" ಅಂತ ಬೈದರು. ಕೊನೆವರೆಗೂ ಕೂತಿದ್ದರು.

ಬಭ್ರುವಾಹನ ಮುಗಿದ ರಾತ್ರಿ ಅಪ್ಪ ಹಾಲ್ ಸುತ್ತ ಒಂದು ಸುತ್ತು ಹಾಕಿ, ಮೂಲೆಯ ಒಂದೊಂದು ಸ್ಪೀಕರಿಗೂ ಕಿವಿ ಕೊಟ್ಟು ನೋಡಿದ್ದರು.

"ಈ ನಾಲ್ಕು ಕೆಟ್ಟಾವೇನು?"

"ಇಲ್ಲ ಅಪ್ಪ. ಹಳೇ ಸಿನಿಮಾ, ಅವಕ್ಕೆ ಕೆಲಸ ಇಲ್ಲ."

"ಹಂಗಾದ್ರೆ ವಾಪಸ್ ಕೊಟ್ಟು ಬಾ."

ಇನ್ನೂ ಕೊಟ್ಟಿಲ್ಲ. ಪವರ್ ಆಂಪ್ಲಿಫೈಯರ್ ಹರಿಹರದ ಅಂಗಡಿಯಲ್ಲಿ ಮಾರಾಟಕ್ಕಿದೆ. ಹೋದ ತಿಂಗಳು ನೋಡಿದಾಗ ಅದರ ಮೇಲೆ ಅಣ್ಣ ಟೀ ಲೋಟ ಇಟ್ಟಿದ್ದ.