ಪಾಟಾಕ್ಕೆ ಇರುವ ಮರ್ಯಾದೆ ಸ್ಟೇರಿಂಗಿಗೆ ಇಲ್ಲ

ಚಿಕ್ಕೋಡಿ ಕಡೆಯ ಸದಲಗಾದಿಂದ ದೂಧಗಂಗೆಯ ದಂಡೆಗೆ ಇಳಿಯುವ ಹೊಲದ ದಾರಿಗಳು ಜುಲೈ ತಿಂಗಳಲ್ಲಿ ದಾರಿ ಅನ್ನಿಸಿಕೊಳ್ಳುವುದೇ ಇಲ್ಲ. ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಅದೇ ಮಣ್ಣು ಟ್ರ್ಯಾಕ್ಟರ್ ಟ್ರೇಲರುಗಳ ಜಾಡಿನಲ್ಲಿ ಒಣಗಿ ಕಲ್ಲಿನಂಥ ಕೊರಕಲಾಗಿರುತ್ತದೆ. ಕಬ್ಬನ್ನು ಟ್ರ್ಯಾಕ್ಟರು ಒಯ್ಯುತ್ತದೆ. ಉಳಿದದ್ದೆಲ್ಲ, ಅಂದರೆ ಮೇವು, ಗೊಬ್ಬರದ ಚೀಲ, ನೀರಾವರಿ ಪೈಪು, ಸುಟ್ಟುಹೋದ ಮೋಟಾರು, ಕೆಎ-23 ನಂಬರಿನ ಹಳೆಯ ಪಿಕಪ್ಪುಗಳ ಪಾಲು. ಮಹೀಂದ್ರ ಪಿಕಪ್ಪು, ಕ್ಯಾಂಪರ್, ಟಾಟಾ 207, ಹಿಂಭಾಗ ಕತ್ತರಿಸಿ ಡಬ್ಬಿ ಕೂಡಿಸಿಕೊಂಡ ಜೀಪು: ಇವುಗಳಲ್ಲಿ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ಉಳಿದ ಗಾಡಿ ಸಿಗುವುದು ಅಪರೂಪ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಗ್ಯಾರೇಜುಗಳಲ್ಲಿ ಈ ಕೆಲಸಕ್ಕೆ ಒಂದು ಸಿದ್ಧ ಕ್ರಮವೇ ಇದೆ. ಹಿಂದೆ ಒಂದೋ ಎರಡೋ ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಹೆಚ್ಚಿಗೆ, ಮುಂದೆ ಉದ್ದನೆಯ ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಕೂಡಿಸುವ ಕೊಂಡಿ), ಆಮೇಲೆ ಅಗಲ ಟೈರು. ಸಾಮಾನು ಹುಡುಕಲು ದೂರ ಹೋಗಬೇಕಿಲ್ಲ. ಒಂದು ಕಡೆ ಕೊಲ್ಹಾಪುರದ ಉದ್ಯಮನಗರ, ಇನ್ನೊಂದು ಕಡೆ ಬೆಳಗಾವಿಯ ಉದ್ಯಮಬಾಗ; ನಡುವೆ ಗುಜರಿ ಅಂಗಡಿಗಳು. ಲೇಥ್ ಮೇಲೆ ಏನು ಬೇಕಾದರೂ ತಿರುವಿಕೊಡುವ ಕೈಗಳು ಈ ಸೀಮೆಯಲ್ಲಿ ಧಾರಾಳ. ಕೊರತೆ ಇರುವುದು ಕೌಶಲದಲ್ಲಲ್ಲ, ಕೆಲಸ ಎಲ್ಲಿಂದ ಶುರುವಾಗಬೇಕು ಎಂಬ ವಿಚಾರದಲ್ಲಿ. ಗಾಡಿಯನ್ನು ಎತ್ತುವವರಿಗೆ ಎತ್ತರ ಕಣ್ಣಿಗೆ ಕಾಣುತ್ತದೆ. ಸ್ಟೇರಿಂಗಿನ ಸರಳುಗಳು ಯಾವ ಕೋನಕ್ಕೆ ಹೋದವು ಎಂಬುದು ಗಾಡಿಯ ಕೆಳಗೆ ಮಲಗಿ ನೋಡದ ಹೊರತು ಕಾಣುವುದಿಲ್ಲ.

ಈ ಗಾಡಿಗಳ ವಂಶ ಹಳೆಯದು. ಮಹೀಂದ್ರ ಕಂಪನಿ 1947ರಿಂದ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಆ ಜೀಪಿನ ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅದರ ಕೆಳಗೆ ಪಾಟಾ ಕಟ್ಟು, 6.00-16ರ ಕಿರಿದಾದ ಟೈರು. ಯುದ್ಧಕ್ಕೆಂದು ರೂಪಿಸಿದ ಈ ಸರಳ ಜೋಡಣೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಭಾರತದ ಹಳ್ಳಿಗಾಡಿನಲ್ಲಿ ಓಡಿತು, ಏಕೆಂದರೆ ಅದನ್ನು ಕಮ್ಮಾರನೂ ರಿಪೇರಿ ಮಾಡಬಲ್ಲ. 2010ರಲ್ಲಿ ಥಾರ್ ಬಂದಾಗ ಮುಂದಿನ ಪಾಟಾ ಹೋಗಿ ಟಾರ್ಷನ್ ಬಾರ್ ಬಂತು. 2020ರ ಥಾರ್‌ನಲ್ಲಿ ಹಿಂದಿನ ಪಾಟಾವೂ ಹೋಗಿ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಕೂತಿತು. ಆದರೆ ಹೊರೆ ಹೊರುವ ಪಿಕಪ್ಪಿನ ಹಿಂದೆ ಪಾಟಾ ಇಂದಿಗೂ ಭದ್ರವಾಗಿ ಉಳಿದಿದೆ.

ಪಾಟಾ ಹೆಚ್ಚಿಸುವ ಲೆಕ್ಕ ನೋಡಲು ಸುಲಭ. ಒಂದೇ ಅಗಲ, ಒಂದೇ ದಪ್ಪದ ಐದು ಪಾಟಾಗಳ ಕಟ್ಟಿಗೆ ಆರನೆಯದನ್ನು ಸೇರಿಸಿದರೆ ಗಡಸುತನ ಸುಮಾರು ಐದನೇ ಒಂದು ಪಾಲು ಏರುತ್ತದೆ. ದಪ್ಪದ ಲೆಕ್ಕ ಹಾಗಲ್ಲ, ಅದು ಘನದ ಲೆಕ್ಕ. 7 ಮಿ.ಮೀ. ಪಾಟಾದ ಜಾಗದಲ್ಲಿ 8 ಮಿ.ಮೀ.ಯದು ಕೂತರೆ ಆ ಒಂದು ಪಾಟಾದ ಗಡಸು ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಗುಜರಿಯಲ್ಲಿ ಸಿಕ್ಕ ಲಾರಿಯ ಪಾಟಾ ಕತ್ತರಿಸಿ ಪಿಕಪ್ಪಿಗೆ ಕೂರಿಸುವವರು ಈ ಒಂದು ಮಿಲಿಮೀಟರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಇನ್ನೊಂದ್ ಪಾಟಾ ಒಗೀರಿ ಮಿಸ್ತ್ರಿ, ಕುಂದರಬಾರದು ಗಾಡಿ" ಎಂಬ ಮಾತಿಗೆ ಮಿಸ್ತ್ರಿ ಸಾಮಾನ್ಯವಾಗಿ ಎದುರಾಡುವುದಿಲ್ಲ. ಗಿರಾಕಿ ಕೇಳಿದ್ದು ಗಾಡಿ ಕೂರಬಾರದು ಎಂದಷ್ಟೇ. ಗಾಡಿ ಕೂರುವುದಿಲ್ಲ, ನಿಜ. ಡಬ್ಬಿ ಖಾಲಿ ಇದ್ದಾಗ ಹಿಂದಿನ ಆಕ್ಸಲ್ ಕಲ್ಲುರಸ್ತೆಯ ಮೇಲೆ ಜಿಗಿಯುತ್ತ, ಟೈರು ನೆಲ ಬಿಡುತ್ತ ಓಡುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕು ಹತ್ತುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ, ಗ್ಯಾರೇಜುಗಳಲ್ಲಿ ಅದರ ಮಾತು ಬರುವುದೇ ಕಡಿಮೆ. ಹಲವು ಪಿಕಪ್ಪುಗಳ ಹಿಂದಿನ ಆಕ್ಸಲ್ ಮತ್ತು ಚಾಸಿಗಳ ನಡುವೆ ಸಣ್ಣ ಸರಳೊಂದು ಇರುತ್ತದೆ, ಅದು ಬ್ರೇಕಿನ ಎಲ್‌ಎಸ್‌ಪಿವಿ ವಾಲ್ವಿಗೆ ಕೂಡಿರುತ್ತದೆ. ಹೊರೆ ಹೇರಿ ಗಾಡಿ ಕೆಳಗೆ ಕೂತಷ್ಟೂ ಸರಳು ಸರಿಯುತ್ತದೆ, ವಾಲ್ವು ಹಿಂದಿನ ಗಾಲಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಎತ್ತರವಿದ್ದರೆ ಖಾಲಿ ಇದೆ ಎಂದು ತಿಳಿದು ಒತ್ತಡ ಕಡಿಮೆ ಮಾಡುತ್ತದೆ. ಹೆಚ್ಚಿನ ಪಾಟಾ ಬಿದ್ದ ಗಾಡಿ ಎರಡು ಟನ್ ಹೊತ್ತರೂ ಕೂರುವುದಿಲ್ಲವಾದ್ದರಿಂದ ವಾಲ್ವಿನ ಕಣ್ಣಿಗೆ ಅದು ಖಾಲಿ ಗಾಡಿಯೇ. ಹೊರೆ ಹೆಚ್ಚು ಹೊರಲೆಂದು ಮಾಡಿದ ಕೆಲಸವೇ ಹೊರೆ ಇದ್ದಾಗ ಹಿಂದಿನ ಬ್ರೇಕನ್ನು ಸಡಿಲಿಸುತ್ತದೆ. ಸರಳಿನ ಉದ್ದ ಹೊಸದಾಗಿ ಹೊಂದಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ, ಕೆಲಸವೂ ದೊಡ್ಡದಲ್ಲ. ಆದರೂ ತುಕ್ಕು ಹಿಡಿದ ಆ ಸರಳನ್ನು ತಂತಿಯಿಂದ ಬಿಗಿದು ಕಟ್ಟಿಬಿಡುವುದೇ ರೂಢಿ.

ಪಾಟಾ ಕೆಲಸದಲ್ಲಿ ಮೆಚ್ಚಬೇಕಾದದ್ದೂ ಇದೆ. ಹಳೆಯ ಪಾಟಾ ಮಲಗಿಹೋದಾಗ ಹೊಸದಕ್ಕೆ ಹಣ ಸುರಿಯದೆ, ಒಂದೊಂದನ್ನೂ ಬಿಚ್ಚಿ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಣ್ಣಗಿದ್ದಂತೆಯೇ ಬಡಿದು ಕಮಾನು ಎತ್ತುವ ಹಿರಿಯ ಮಿಸ್ತ್ರಿಗಳು ಇದ್ದಾರೆ. ಏಟು ಬೀಳುವ ಜಾಗ ಪ್ರತಿ ಸಲ ಬೆರಳಗಲದಷ್ಟು ಸರಿಯುತ್ತ ಹೋಗುತ್ತದೆ. ಮಧ್ಯದ ತೂತಿನ ಸುತ್ತ ಮಾತ್ರ ಸುತ್ತಿಗೆ ತಾಗುವುದಿಲ್ಲ, ಪಾಟಾ ಹೆಚ್ಚಾಗಿ ಮುರಿಯುವುದು ಅಲ್ಲೇ ಎಂದು ಆ ಕೈಗೆ ಗೊತ್ತು. ಬಡಿದ ಪಾಟಾವನ್ನು ಮುಂದಿನದರ ಮೇಲಿಟ್ಟು ಬೆಳಕು ನುಸುಳುವ ಸಂದು ನೋಡುತ್ತಾರೆ, ಮತ್ತೆ ಎರಡು ಏಟು ಹಾಕುತ್ತಾರೆ. ಅವಸರದ ಗ್ಯಾರೇಜಿನಲ್ಲಿ ಇದೇ ಕೆಲಸ ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸಿ ಬಗ್ಗಿಸುವುದರಲ್ಲಿ ಮುಗಿಯುತ್ತದೆ. ಹಾಗೆ ಕಾಯಿಸಿದ ಸ್ಪ್ರಿಂಗ್ ಉಕ್ಕಿಗೆ ಮತ್ತೆ ಎಣ್ಣೆಯಲ್ಲಿ ಅದ್ದಿ ಹದ ಕೊಡದಿದ್ದರೆ ಅದು ಬರೀ ಕಬ್ಬಿಣದ ಪಟ್ಟಿ. ಮೊದಲ ವಾರ ಎತ್ತರ ನಿಲ್ಲುತ್ತದೆ, ಆಮೇಲೆ ಮಲಗುತ್ತದೆ ಇಲ್ಲವೆ ಮುರಿಯುತ್ತದೆ.

ಮುಂದಿನ ಶ್ಯಾಕಲಿನ ವಿಷಯಕ್ಕೆ ಬಂದರೆ ಮೆಚ್ಚುಗೆ ಮುಗಿಯುತ್ತದೆ.

ಉದ್ದ ಶ್ಯಾಕಲ್ ಎಲ್ಲಕ್ಕಿಂತ ಅಗ್ಗದ ಉಪಾಯ. ಎರಡು ದಪ್ಪ ಪಟ್ಟಿ, ನಾಲ್ಕು ತೂತು, ಒಂದು ಮಧ್ಯಾಹ್ನದ ಕೆಲಸ. ಆಕ್ಸಲ್ ಪಾಟಾದ ನಡುವೆ ಕೂತಿರುವುದರಿಂದ ಶ್ಯಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಏರುವುದು ಸುಮಾರು 25 ಮಿ.ಮೀ. ಮಾತ್ರ. ಆ ಎತ್ತರಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ವಿಲ್ಲಿಸ್ ಜಾತಿಯ ಜೀಪಿನಲ್ಲಿ ಮುಂದಿನ ಪಾಟಾದ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದಾಗ ಪಾಟಾದ ಮೂತಿ ಕೆಳಗಾಗಿ, ಆಕ್ಸಲ್ ಮುಂದಕ್ಕೆ ಹೊರಳಿ, ಮುಂದಿನ ಗಾಲಿ ತಿರುಗುವ ಅಚ್ಚಾದ ಕಿಂಗ್‌ಪಿನ್ನಿನ ತಲೆಯೂ ಮುಂದಕ್ಕೆ ಬಾಗುತ್ತದೆ. ಆ ಪಿನ್ನು ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಅದರಿಂದ. ಹಳೆಯ ಜೀಪಿಗೆ ಕಂಪನಿ ಕೊಟ್ಟದ್ದೇ ಸುಮಾರು 3 ಡಿಗ್ರಿ. ಕಳೆದುಕೊಳ್ಳಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಹಿಂದಿನ ಪಾಟಾ ಏರಿಸಿದರೂ ಇದೇ ಫಲ ಇನ್ನೊಂದು ದಾರಿಯಿಂದ ಬರುತ್ತದೆ. ಮುಂದಿನ, ಹಿಂದಿನ ಗಾಲಿಗಳ ಅಂತರ 2,700 ಮಿ.ಮೀ. ಇರುವ ಗಾಡಿಯ ಹಿಂಭಾಗ 60 ಮಿ.ಮೀ. ಏರಿದರೆ ಇಡೀ ಚಾಸಿ ಮುಂದಕ್ಕೆ ಸುಮಾರು 1.3 ಡಿಗ್ರಿ ವಾಲುತ್ತದೆ, ಅಷ್ಟೇ ಕ್ಯಾಸ್ಟರ್ ಹೋಗುತ್ತದೆ. ಎರಡೂ ಕೆಲಸ ಒಟ್ಟಿಗೆ ಮಾಡಿಸಿದ ಗಾಡಿ ನಿಪ್ಪಾಣಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ ಹತ್ತಿದಾಗ ಚಾಲಕ ಕ್ಷಣಕ್ಷಣಕ್ಕೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಹೊಲದಲ್ಲಿ ಇದು ತಿಳಿಯುವುದಿಲ್ಲ. ಇಪ್ಪತ್ತು ಕಿ.ಮೀ. ವೇಗದಲ್ಲಿ ಯಾವ ಗಾಡಿಯೂ ಸಜ್ಜನನೇ.

ಡ್ರ್ಯಾಗ್ ಲಿಂಕಿನದು ಇದಕ್ಕಿಂತ ಸೂಕ್ಷ್ಮ ಸಂಗತಿ. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಅಂಟಿಕೊಂಡಿದೆ, ಗಾಲಿ ಆಕ್ಸಲಿನ ಜೊತೆ ಏರಿಳಿಯುತ್ತದೆ. ಇವೆರಡನ್ನು ಜೋಡಿಸುವ ಸರಳೇ ಡ್ರ್ಯಾಗ್ ಲಿಂಕ್. ಅದು ಹೆಚ್ಚುಕಡಿಮೆ ಮಲಗಿದಂತಿದ್ದರೆ ಗಾಲಿ ಕುಣಿಗೆ ಬಿದ್ದೆದ್ದರೂ ಸ್ಟೇರಿಂಗ್ ಕದಲುವುದಿಲ್ಲ. ಗಾಡಿ ಎತ್ತರವಾದಾಗ ಸರಳಿನ ಒಂದು ತುದಿ ಮೇಲೆ ಹೋಗಿ ಅದು ಇಳಿಜಾರಾಗುತ್ತದೆ. ಆಗ ಪ್ರತಿ ಕುಣಿಯಲ್ಲೂ ಅದು ಗಾಲಿಯನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ, ಚಾಲಕ ತಿರುಗಿಸದೆಯೇ ಗಾಡಿ ತಿರುಗುತ್ತದೆ. ಪರೀಕ್ಷೆಗೆ ಯಂತ್ರ ಬೇಡ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಸ್ಟೇರಿಂಗ್ ಬಿಟ್ಟು, ಇಬ್ಬರು ಬಂಪರ್ ಹಿಡಿದು ಜೋರಾಗಿ ಕೆಳಕ್ಕೆ ಅದುಮಿದರಾಯಿತು. ಸ್ಟೇರಿಂಗ್ ಚಕ್ರ ತಾನಾಗಿ ಅತ್ತಿತ್ತ ಹೊರಳಿದರೆ ಕೋನ ಕೆಟ್ಟಿದೆ ಎಂದೇ ಅರ್ಥ. ಸ್ಟೇರಿಂಗ್ ಬಾಕ್ಸಿಗೆ ಬಾಗಿದ ಪಿಟ್‌ಮನ್ ಆರ್ಮ್ ಹಾಕಿ ಸರಳನ್ನು ಮತ್ತೆ ಮಲಗಿಸಬಹುದು. ಎತ್ತರಿಸಿದ ಎಷ್ಟು ಗಾಡಿಗಳು ಈ ಅದುಮುವ ಪರೀಕ್ಷೆ ಪಾಸಾಗುತ್ತವೆ ಎಂದು ಕೇಳಿದರೆ ಉತ್ತರ ಹಿತವಾಗಿರುವುದಿಲ್ಲ.

ಇದರ ಮೇಲೆ ಸವೆತ. ಹಳೆಯ ಜೀಪುಗಳಲ್ಲಿ ಬಾಕ್ಸಿನಿಂದ ಬಂದ ಸರಳು ನೇರ ಗಾಲಿಗೆ ಹೋಗದೆ ಬೆಲ್ ಕ್ರ್ಯಾಂಕ್ ಎಂಬ ನಡುವಿನ ತುಂಡಿಗೆ ಬಂದು, ಅಲ್ಲಿಂದ ಎರಡು ಟೈರಾಡುಗಳಾಗಿ ಕವಲೊಡೆಯುತ್ತದೆ. ಸಂದು ಹೆಚ್ಚಿದಷ್ಟೂ ಆಟ ಹೆಚ್ಚು. ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲವಿದ್ದರೆ ಸ್ಟೇರಿಂಗ್ ಚಕ್ರದಲ್ಲಿ ಅದು ಗೇಣುದ್ದದ ಆಟವಾಗುತ್ತದೆ. ಅಗಲ ಟೈರಿನ ಜೊತೆ ಹೊರಕ್ಕೆ ಚಾಚುವ ರಿಮ್ಮು ಹಾಕಿಸಿದರೆ ಗಾಲಿಯ ನಡುಗೆರೆ ಕಿಂಗ್‌ಪಿನ್ನಿನಿಂದ ದೂರ ಸರಿದು ಪ್ರತಿ ಕಲ್ಲಿನ ಹೊಡೆತವೂ ಇಮ್ಮಡಿಯಾಗಿ ಅದೇ ಸಡಿಲ ಸಂದುಗಳಿಗೆ ಬೀಳುತ್ತದೆ. ಅರವತ್ತರ ವೇಗದಲ್ಲಿ ಮುಂದಿನ ಎರಡೂ ಗಾಲಿ ಥರಥರ ಕುಣಿಯತೊಡಗಿದಾಗ "ಹೆಡ್ ಆಡಾಕತ್ತೈತಿ" ಎಂದು ಗಾಡಿ ಗ್ಯಾರೇಜಿಗೆ ಬರುತ್ತದೆ. ಬಹುಪಾಲು ಸಲ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಕಳಿಸುತ್ತಾರೆ. ಕುಣಿತ ಕೆಲವು ತಿಂಗಳು ಅಡಗಿ ಕೂರುತ್ತದೆ, ಕಿಂಗ್‌ಪಿನ್ ಬೇರಿಂಗ್ ಇದ್ದಲ್ಲೇ ಸವೆಯುತ್ತಿರುತ್ತದೆ.

ಪವರ್ ಸ್ಟೇರಿಂಗ್ ಕೂಡಿಸುವ ಉಮೇದು ಈಗ ಹೆಚ್ಚಾಗಿದೆ. ಗುಜರಿ ಗಾಡಿಯ ಹೈಡ್ರಾಲಿಕ್ ಬಾಕ್ಸ್ ತಂದು, ಎಂಜಿನ್ನಿಗೆ ಪಂಪು ಬೆಲ್ಟು ಕೂಡಿಸಿ, ಚಾಸಿಗೆ ಬ್ರ್ಯಾಕೆಟ್ ವೆಲ್ಡ್ ಮಾಡುತ್ತಾರೆ. ತೋಳು ಸೋತ ಚಾಲಕನಿಗೆ ಇದು ನಿಜಕ್ಕೂ ವರ. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಹಿಂದೆ ಮುಂದೆ ಮಾಡಿ ಬಿಡಿಸುವಾಗ ಅದರ ಬೆಲೆ ತಿಳಿಯುತ್ತದೆ. ತೊಂದರೆ ಇರುವುದು ಬ್ರ್ಯಾಕೆಟ್ಟಿನಲ್ಲಿ. ಹಳೆಯ ಚಾಸಿಯ ತಗಡು ಹೈಡ್ರಾಲಿಕ್ ಬಲಕ್ಕೆ ಮಾಡಿದ್ದಲ್ಲ. ಬೋಲ್ಟು ಹಾಯುವಲ್ಲಿ ಚಾಸಿಯೊಳಗೆ ಕೊಳವೆ ತುಂಡು ಕೂರಿಸಿ, ಹೊರಗೆ ಅಗಲ ಪ್ಲೇಟು ಕೊಟ್ಟು ಬಲವನ್ನು ಹರಡದಿದ್ದರೆ ವೆಲ್ಡಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಮೇಲಿಂದ ಬಣ್ಣ ಹೊಡೆದಿರುವುದರಿಂದ ಆ ಬಿರುಕು ಕಾಣುವುದು ತಡವಾಗಿ.

ಹೊರಗಿನ ಎರಡು ಮಾದರಿಗಳನ್ನು ಇದರ ಪಕ್ಕಕ್ಕಿಡಬಹುದು. ಹರಿಯಾಣದ ಮಂಡಿ ಡಬ್ವಾಲಿ ಜೀಪು ಮಾರ್ಪಾಡಿಗೆ ಹೆಸರಾದ ಊರು. ಅಲ್ಲಿಯ ಒಲವು ನೋಟದ ಕಡೆ: ಅಗಲ ಟೈರು, ಹೊಳೆಯುವ ರಿಮ್ಮು, ಎತ್ತರದ ನಿಲುವು. ಐಸ್‌ಲ್ಯಾಂಡಿನ ಆರ್ಕ್ಟಿಕ್ ಟ್ರಕ್ಸ್ ಕಂಪನಿಯದು ಬೇರೆ ದಾರಿ. ಟೊಯೊಟಾ ಹೈಲಕ್ಸ್ ಪಿಕಪ್ಪಿಗೆ 38 ಇಂಚಿನ ಟೈರು ಹಾಕುವ ಅವರು ಹಿಮದಲ್ಲಿ ಗಾಳಿಯನ್ನು ತೀರಾ ಇಳಿಸಿ, ಟೈರನ್ನೇ ಚಪ್ಪಟೆ ಮಾಡಿ ಓಡಿಸುತ್ತಾರೆ. ಎತ್ತರ ಅಲ್ಲಿ ಟೈರಿಗೆ ಜಾಗ ಮಾಡಿಕೊಡಲು ಮಾತ್ರ. ಸದಲಗಾ ಕಡೆಯ ಗಿರಾಕಿಗಳ ಕಣ್ಣು ಇತ್ತೀಚೆಗೆ ಡಬ್ವಾಲಿಯ ಕಡೆ ಹೊರಳಿದೆ. ಆದರೆ ಇಲ್ಲಿಯ ಅಂಟು ಎರೆಗೆ ಅಗಲ ಟೈರು ಒಗ್ಗುವುದೂ ಅನುಮಾನ. ಕಿರಿದಾದ ಟೈರು ಮೇಲಿನ ಕೆಸರು ಸೀಳಿಕೊಂಡು ಗಟ್ಟಿ ನೆಲ ಹುಡುಕುತ್ತದೆ, ಅಗಲದ್ದು ಕೆಸರಿನ ಮೇಲೆಯೇ ಜಾರುತ್ತದೆ. ಹಳೆಯ 6.00-16 ಟೈರನ್ನು ಹಳ್ಳಿಗರು ಸುಮ್ಮನೆ ಹೊಗಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ಗುಣ ಬದಲಾಗುವಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ತಯಾರಕರ ನಮೂನೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿ, ಪ್ರತಿ ಮಾರ್ಪಾಡಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂಬ ಶಿಕ್ಷೆ ತಂದಿತು. ಮಿತಿಮೀರಿದ ಹೊರೆಗೆ ₹20,000, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ₹2,000. ಆದರೆ ಆರ್‌ಸಿ ಪುಸ್ತಕದಲ್ಲಿ ಪಾಟಾ ಎಷ್ಟು ಎಂದು ಬರೆದಿರುವುದಿಲ್ಲ. ಅಗಲ ಟೈರು ಸುಲಭವಾಗಿ ಸಿಕ್ಕಿಬೀಳುತ್ತದೆ, ಆರನೆಯ ಪಾಟಾ ದಾಟಿಹೋಗುತ್ತದೆ, ಇಳಿಜಾರಾದ ಡ್ರ್ಯಾಗ್ ಲಿಂಕನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಹಾಗಾದರೆ ಹಳೆಯ ಪಿಕಪ್ಪನ್ನು ಮುಟ್ಟಲೇಬಾರದೇ? ಮುಟ್ಟಬೇಕು, ಕೆಳಗಿನಿಂದ ಮೇಲಕ್ಕೆ. ಮೊದಲು ಕಿಂಗ್‌ಪಿನ್ ಬೇರಿಂಗ್, ಟೈರಾಡ್ ಎಂಡ್, ಪಾಟಾ ಬುಷ್. ಇವಿಷ್ಟನ್ನೇ ಬದಲಿಸಿದ ಮೇಲೆ ಎಷ್ಟೋ ಮಾಲೀಕರಿಗೆ ಎತ್ತರಿಸುವ ಆಸೆಯೇ ಇಳಿಯಬಹುದು. ಆಮೇಲೂ ಬೇಕೆನಿಸಿದರೆ 40-50 ಮಿ.ಮೀ. ಮೀರದಂತೆ, ಶ್ಯಾಕಲಿನಿಂದಲ್ಲ, ಸರಿಯಾಗಿ ಕಮಾನು ಎತ್ತಿದ ಪಾಟಾದಿಂದ. ಆಕ್ಸಲ್ ಮತ್ತು ಪಾಟಾದ ನಡುವೆ ಓರೆ ಶಿಮ್ ಕೊಟ್ಟು ಕ್ಯಾಸ್ಟರ್ ವಾಪಸು ತಂದು, ಹೊಸ ಎತ್ತರಕ್ಕೆ ತಕ್ಕ ಉದ್ದದ ಶಾಕ್‌ಅಬ್ಸಾರ್ಬರ್ ಹಾಕಿ. ಹಳೆಯ ಗಿಡ್ಡ ಶಾಕ್ ಹಾಗೆಯೇ ಬಿಟ್ಟರೆ ಕುಣಿಯಲ್ಲಿ ಅದು ಪೂರ್ತಿ ಚಾಚಿ ತನ್ನ ಹಿಡಿಕೆಯನ್ನೇ ಕೀಳುತ್ತದೆ. ಟೈರು, ರಿಮ್ಮಿನ ಮಾತು ಇವೆಲ್ಲ ಮುಗಿದ ಮೇಲೆ. ಪಾಟಾ ಬಿಚ್ಚಿ ಕೂರಿಸಿದ ಗಾಡಿ ಮೊದಲ ಕೆಲವು ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಸೆಂಟರ್ ಬೋಲ್ಟು ತುಂಡಾಗುತ್ತದೆ, ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಹತ್ತು ನಿಮಿಷದ ಆ ಕೆಲಸಕ್ಕೆ ಸೀಜನ್ನಿನ ನಡುವೆ ಗಾಡಿ ಬಿಡುವವರು ಕಡಿಮೆ.