ತೆರೆಯದ ಪಿನ್ನುಗಳು

ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಈಚೆಗೆ ನಾವು ಒಂದು ಜಾಕೆಟ್ ನೋಡಿದೆವು. ಕಪ್ಪು ಬಣ್ಣದ ಡೆನಿಮ್. ಭುಜದ ಮೇಲೆ, ಕಾಲರಿನ ಅಂಚಿಗೆ, ಎದೆಯ ಜೇಬಿನ ಸುತ್ತ ಸಾಲುಸಾಲಾಗಿ ಸೇಫ್ಟಿ ಪಿನ್ನುಗಳು. ಎಡತೋಳಿನ ಮೇಲೆ ಅಳತೆ ಹಿಡಿದು ಮಾಡಿದ ಒಂದು ಸೀಳು, ಅದಕ್ಕೆ ಅಡ್ಡಲಾಗಿ ನಾಲ್ಕು ಪಿನ್ನು. ಕುತೂಹಲಕ್ಕೆ ಒಂದನ್ನು ತೆರೆಯಲು ನೋಡಿದರೆ ಅದು ತೆರೆಯಲಿಲ್ಲ. ಪಿನ್ನಿನ ಆಕಾರದ ಲೋಹವನ್ನು ಬಟ್ಟೆಗೆ ಹೊಲಿದುಬಿಟ್ಟಿದ್ದರು. ಸೀಳಿನ ಒಳಗಡೆ ಇನ್ನೊಂದು ಬಟ್ಟೆಯ ಆಸರೆ ಬೇರೆ. ಬೆಲೆಯ ಚೀಟಿ ನೋಡಿ, ಇದ್ದಲ್ಲೇ ನೇತುಹಾಕಿ ಹೊರಬಂದೆವು.

ಊರಿಗೆ ಹೋದಾಗ ಈ ಸಂಗತಿಯನ್ನು ಪಕ್ಕದ ಮನೆಯ ಅಜ್ಜಿಗೆ ಹೇಳಿದೆವು. ಅವರ ಕಾಲದವರಿಗೆ ಜಾಕೀಟು ಎಂದರೆ ರವಿಕೆ. "ಜಾಕೀಟಿಗೆ ಪಿನ್ನು ಹಾಕದೆ ಇನ್ನೇನು ಹಾಕ್ತಾರೆ ಮಗ, ಗುಂಡಿ ಕಿತ್ತೋಗಿರ್ತದೆ" ಎಂದುಬಿಟ್ಟರು. ನಾವು ನಕ್ಕೆವು. ಆದರೆ ಆ ಮಾತಿನಲ್ಲಿ ಒಂದು ವಿಮರ್ಶೆಯೇ ಇದೆ ಎಂದು ಆಮೇಲೆ ಅನ್ನಿಸಿತು. ಪಿನ್ನು ಇದೆ ಎಂದರೆ ಅಲ್ಲಿ ಏನೋ ಕಿತ್ತುಹೋಗಿರಬೇಕು. ಏನೂ ಕಿತ್ತುಹೋಗದ ಕಡೆ ಪಿನ್ನಿಗೆ ಏನು ಕೆಲಸ?

ನಮ್ಮ ತಲೆಮಾರಿನ ಬಡ, ಮಧ್ಯಮ ವರ್ಗದ ಮಕ್ಕಳಿಗೆ ಪಿನ್ನಿನ ಪರಿಚಯ ಬೇಗ ಆಗುತ್ತಿತ್ತು. ಒಂದನೇ ತರಗತಿಗೆ ಹೊರಟ ದಿನ ಅಂಗಿಯ ಎದೆಗೆ ಕರವಸ್ತ್ರವನ್ನು ಚುಚ್ಚಿ ಕಳಿಸಿದ್ದು ಪಿನ್ನಿನಿಂದಲೇ. ಹವಾಯಿ ಚಪ್ಪಲಿಯ ಬಾರು ಕಿತ್ತರೆ ಅಡಿಯಲ್ಲಿ ಒಂದು ಪಿನ್ನು, ಶಾಲೆಯ ಚೀಲದ ಜಿಪ್ ಹೋದರೆ ಎರಡು ಪಿನ್ನು. ಅಮ್ಮಿಯ ಬಳೆಯಲ್ಲಿ ಯಾವಾಗಲೂ ಮೂರು ನಾಲ್ಕು ನೇತಾಡುತ್ತಿದ್ದವು. ಅದನ್ನು ಯಾರೂ ನೋಡದ ಹಾಗೆ ಹಾಕಿಕೊಳ್ಳುವುದು ನಮಗೆ ದೊಡ್ಡ ವಿದ್ಯೆಯಾಗಿತ್ತು. ಪಿನ್ನು ಕಂಡರೆ ಮನೆಯ ಸ್ಥಿತಿ ಕಂಡ ಹಾಗೆ.

ಆ ನಾಚಿಕೆಯನ್ನೇ ತಿರುಗಿಸಿ ಎದೆಯ ಮೇಲೆ ಹಾಕಿಕೊಂಡವರು ಸುಮಾರು 50 ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಇದ್ದರು. ಅವರನ್ನು ಪಂಕ್ ಎಂದು ಕರೆಯುತ್ತಾರೆ. ಜಾಕೆಟ್ಟಿನ ಪಿನ್ನುಗಳ ಕಥೆ ಅವರದು.

ವಸ್ತುವಿನ ಚರಿತ್ರೆ ಇನ್ನೂ ಹಳೆಯದು. ಇಂದಿನ ರೂಪದ ಸೇಫ್ಟಿ ಪಿನ್ನಿಗೆ ವಾಲ್ಟರ್ ಹಂಟ್ ಎಂಬ ಅಮೆರಿಕದ ಯಂತ್ರಕಾರ 1849ರಲ್ಲಿ ಪೇಟೆಂಟ್ ಪಡೆದ. ಒಂದೇ ತಂತಿ, ಒಂದು ತುದಿಯಲ್ಲಿ ಸ್ಪ್ರಿಂಗಿನಂತೆ ಸುರುಳಿ, ಇನ್ನೊಂದು ತುದಿಯಲ್ಲಿ ಮೊನೆಯನ್ನು ಮುಚ್ಚುವ ಕೊಂಡಿ. ಆ ಹಕ್ಕನ್ನು ಅವನು 400 ಡಾಲರಿಗೆ ಮಾರಿಬಿಟ್ಟ. ಅದರಿಂದ ಶ್ರೀಮಂತರಾದವರು ಬೇರೆಯವರು. ಪಿನ್ನಿನ ಮುಂದಿನ ಕಥೆಯಲ್ಲೂ ಇದೇ ನಡೆಯಿತು.

1976ರ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 10 ಲಕ್ಷ ದಾಟಿತ್ತು. ಸಾಮ್ರಾಜ್ಯ ಆಳಿದ ದೇಶ ಆ ವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿತು. ಶಾಲೆ ಬಿಟ್ಟ ಹುಡುಗ ಹುಡುಗಿಯರಿಗೆ ಕೆಲಸವಿಲ್ಲ. ಇಂಥ ಹೊತ್ತಿನಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ 430ನೇ ನಂಬರಿನ ಅಂಗಡಿಯಲ್ಲಿ ಮಾಲ್ಕಮ್ ಮೆಕ್‌ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಹರಿದ, ಪಿನ್ನು ಚುಚ್ಚಿದ ಬಟ್ಟೆಗಳನ್ನು ಮಾರತೊಡಗಿದರು. ಈ ವೇಷವನ್ನು ಮೆಕ್‌ಲಾರೆನ್ ನೋಡಿದ್ದು ನ್ಯೂಯಾರ್ಕಿನ ಹಾಡುಗಾರ ರಿಚರ್ಡ್ ಹೆಲ್‌ನ ಮೈಮೇಲೆ. ಸೆಕ್ಸ್ ಪಿಸ್ಟಲ್ಸ್ ತಂಡದ ಹಾಡುಗಾರ ಜಾನ್ ಲಿಡನ್ ಹೇಳುವುದು ಬೇರೆ: ಬಟ್ಟೆ ಕಳಚಿ ಬೀಳದಿರಲಿ ಎಂದು ಪಿನ್ನು ಹಾಕಿಕೊಂಡೆವು, ಅಷ್ಟೆ. ಎರಡೂ ನಿಜವಿರಬಹುದು. ಒಂದು ಅಂಗಡಿಯವನ ನಿಜ, ಇನ್ನೊಂದು ತೊಟ್ಟವನ ನಿಜ. 1977ರಲ್ಲಿ ರಾಣಿ ಎಲಿಜಬೆತ್ ಪಟ್ಟವೇರಿ 25 ವರ್ಷವಾದ ಸಂಭ್ರಮದ ಹೊತ್ತಿಗೆ ಕಲಾವಿದ ಜೇಮಿ ರೀಡ್ ರಾಣಿಯ ತುಟಿಗೇ ಪಿನ್ನು ಚುಚ್ಚಿದ ಚಿತ್ರ ಮಾಡಿದ. ಅಲ್ಲಿಗೆ ಪಿನ್ನು ಬಟ್ಟೆಯಿಂದ ಎದ್ದು ದೇಶದ ಮುಖಕ್ಕೆ ಹೋಯಿತು.

ಇದನ್ನು ಬರಿ ತಮಾಷೆ ಎಂದು ತಳ್ಳಿಹಾಕುವುದು ಸರಿಯಲ್ಲ. ಡಿಕ್ ಹೆಬ್ಡಿಜ್ 1979ರಲ್ಲಿ ಉಪಸಂಸ್ಕೃತಿಗಳ ಮೇಲೆ ಬರೆದ ಪುಸ್ತಕದಲ್ಲಿ ಈ ಪಿನ್ನುಗಳನ್ನು ಗಂಭೀರವಾಗಿಯೇ ಓದಿದ. ಮನೆಯ ಬಳಕೆಯ ಕ್ಷುದ್ರ ವಸ್ತುವೊಂದನ್ನು ಅದರ ಜಾಗದಿಂದ ಕಿತ್ತು ಬೇರೆ ಕಡೆ ಇಟ್ಟಾಗ ನೋಡುವವರು ಗಲಿಬಿಲಿಗೊಳ್ಳುತ್ತಾರೆ. ಆ ಗಲಿಬಿಲಿಯೇ ಮಾತು. ಇದರಲ್ಲಿ ಅರ್ಥವಿದೆ. ಆದರೆ ಈ ಓದಿಗೆ ನಾವು ಒಂದು ಸಣ್ಣ ಸಂಗತಿ ಸೇರಿಸಬೇಕು. ಹರಿದ ಟೀ ಶರ್ಟಿಗೆ ಹಾಕಿದ ಪಿನ್ನು ಗಾಯಕ್ಕೆ ಹಾಕಿದ ಹೊಲಿಗೆ. ಗಟ್ಟಿಯಾದ ಚರ್ಮದ ಜಾಕೆಟ್ಟಿಗೆ ಹಾಕಿದ ಪಿನ್ನು ತಾನೇ ಒಂದು ತೂತು ಮಾಡುತ್ತದೆ. ಮೊದಲನೆಯದರಲ್ಲಿ ಕೊರತೆಯಿದೆ, ಎರಡನೆಯದರಲ್ಲಿ ಕೊರತೆಯ ನೆನಪು ಮಾತ್ರ. ಪಂಕ್ ಹುಡುಗರ ಜಾಕೆಟ್ಟುಗಳಲ್ಲಿ ಎರಡೂ ಒಟ್ಟಿಗೆ ಇದ್ದವು: ಬ್ಯಾಂಡಿನ ಹೆಸರಿನ ಬಟ್ಟೆತುಂಡನ್ನು ಹೊಲಿಯಲು ಪುರುಸೊತ್ತಿಲ್ಲದೆ ಚುಚ್ಚಿದ ಪಿನ್ನು ಒಂದು ಕಡೆ, ಬರಿ ಹೊಳಪಿಗೆ ಸಾಲಾಗಿ ಕೂರಿಸಿದ ಪಿನ್ನು ಇನ್ನೊಂದು ಕಡೆ. ಅಗ್ಗದ ಪಿನ್ನು ಮಳೆಗೆ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ, ಬಾಯಿ ಬಿಟ್ಟರೆ ತೊಟ್ಟವನಿಗೇ ಚುಚ್ಚುತ್ತದೆ. ಅಂಥ ಜಾಕೆಟ್ ತೊಟ್ಟವನು ತನ್ನ ಕೈಯಾರೆ ಮಾಡಿಕೊಂಡದ್ದನ್ನು ತೊಟ್ಟಿರುತ್ತಿದ್ದ ಎಂಬುದಂತೂ ಖಂಡಿತ.

ಆದರೆ ಇವರನ್ನು ಹೊಗಳುವಾಗ ಕಣ್ಣು ಮುಚ್ಚಿಕೊಳ್ಳಬಾರದು. ಅದೇ ದಿನಗಳಲ್ಲಿ ಅವರಲ್ಲಿ ಕೆಲವರು ನಾಜಿಗಳ ಸ್ವಸ್ತಿಕವನ್ನೂ ತೋಳಿಗೆ ಕಟ್ಟಿದರು. ಹಿರಿಯರನ್ನು ಕೆರಳಿಸಲು, ಅಷ್ಟೆ ಎಂಬ ಸಮಜಾಯಿಷಿ ಇತ್ತು. ಯಾರ ಸಂಬಂಧಿಕರು ಆ ಚಿಹ್ನೆಯ ಅಡಿಯಲ್ಲಿ ಸತ್ತಿದ್ದರೋ ಅವರಿಗೆ ಈ ಸಮಜಾಯಿಷಿ ಸಾಕೇ? ತನ್ನ ನೋವಿನ ಚಿಹ್ನೆಯನ್ನು ತೊಡುವುದು ಒಂದು, ಬೇರೆಯವರ ನೋವನ್ನು ಆಟಿಕೆ ಮಾಡುವುದು ಇನ್ನೊಂದು. ಅದೃಷ್ಟಕ್ಕೆ ಅದೇ ಪಂಕ್‌ನೊಳಗಿಂದಲೇ ಉತ್ತರವೂ ಬಂತು. 1976ರಲ್ಲಿ ಹುಟ್ಟಿದ ‘ರಾಕ್ ಎಗೇನ್ಸ್ಟ್ ರೇಸಿಸಂ’ ಚಳವಳಿ 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ದೊಡ್ಡ ಸಮಾವೇಶ ನಡೆಸಿತು. ಮರುವರ್ಷ ಲಂಡನ್ನಿನ ಪಾಕಿಸ್ತಾನಿ ಮೂಲದ ಮೂವರು ಹುಡುಗರು ಒಬ್ಬ ಬಿಳಿಯ ಗೆಳೆಯನ ಜೊತೆ ಸೇರಿ ‘ಏಲಿಯನ್ ಕಲ್ಚರ್’ ಎಂಬ ಪಂಕ್ ತಂಡ ಕಟ್ಟಿದರು. ಬೇರೆ ಸಂಸ್ಕೃತಿಯವರು ಬಂದು ತಮ್ಮನ್ನು ಮುಳುಗಿಸಿಬಿಟ್ಟಾರೆಂದು ಜನ ಹೆದರಿದ್ದಾರೆ ಎಂದು ಮಾರ್ಗರೆಟ್ ಥ್ಯಾಚರ್ 1978ರಲ್ಲಿ ಆಡಿದ ಮಾತಿಗೆ ಆ ಹೆಸರೇ ಜವಾಬು.

ಇನ್ನು ಮಾರುಕಟ್ಟೆಯ ಕಥೆ. 1977ರಲ್ಲೇ, ಅಂದರೆ ಬೀದಿಯ ಪಿನ್ನು ತುಕ್ಕು ಹಿಡಿಯುವ ಮೊದಲೇ, ಝಾಂಡ್ರಾ ರೋಡ್ಸ್ ಎಂಬ ವಸ್ತ್ರವಿನ್ಯಾಸಕಿ ಒಪ್ಪವಾದ ಸೀಳುಗಳಿಗೆ ಅಲಂಕಾರದ ಪಿನ್ನು ಹಾಕಿ ಉಳ್ಳವರ ಉಡುಪು ಮಾಡಿದಳು. 1994ರಲ್ಲಿ ನಟಿ ಎಲಿಜಬೆತ್ ಹರ್ಲಿ ತೊಟ್ಟ ವರ್ಸಾಚೆಯ ಕಪ್ಪು ಉಡುಪಿನ ಬದಿಗಳನ್ನು ಹಿಡಿದಿದ್ದದ್ದು ಚಿನ್ನದ ಬಣ್ಣದ ದೊಡ್ಡ ಪಿನ್ನುಗಳು. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪುಗಳ ಪ್ರದರ್ಶನವನ್ನೇ ಇಟ್ಟಿತು. 2016ರ ನವೆಂಬರಿನಲ್ಲಿ ಮೆಕ್‌ಲಾರೆನ್ ಮತ್ತು ವೆಸ್ಟ್‌ವುಡ್ ಅವರ ಮಗ ಜೋ ಕೊರೆ, 50 ಲಕ್ಷ ಪೌಂಡ್ ಬೆಲೆಬಾಳುತ್ತದೆಂದು ತಾನೇ ಹೇಳಿಕೊಂಡ ಪಂಕ್ ಸಂಗ್ರಹವನ್ನು ಥೇಮ್ಸ್ ನದಿಯ ದೋಣಿಯೊಂದರ ಮೇಲಿಟ್ಟು ಸುಟ್ಟುಹಾಕಿದ. ಪಂಕ್ ಬರಿ ಸರಕಾಗಿದೆ ಎಂಬುದು ಅವನ ದೂರು. ದೂರು ನಿಜ. ಆದರೆ ಅಷ್ಟು ಬೆಲೆಯದನ್ನು ಸುಡಲು ಅಷ್ಟು ಬೆಲೆಯದು ಕೈಯಲ್ಲಿರಬೇಕಲ್ಲ!

ಇದು ಪಶ್ಚಿಮಕ್ಕೆ ಮಾತ್ರ ಬಂದ ರೋಗವಲ್ಲ. ನಮ್ಮ ಸೂಫಿ ಪರಂಪರೆಯ ತೇಪೆಯ ಅಂಗಿಯನ್ನೇ ನೋಡಿ. ಬಡತನವನ್ನು ಒಪ್ಪಿಕೊಂಡ ಫಕೀರ ಸಿಕ್ಕ ಚಿಂದಿಗಳನ್ನು ಸೇರಿಸಿ ತೊಟ್ಟ. ಕಾಲ ಕಳೆದಂತೆ ಆ ತೇಪೆಯೇ ಸಾಧಕನ ಗುರುತಾಯಿತು. ಲಾಹೋರಿನಲ್ಲಿ ನೆಲೆಸಿದ 11ನೇ ಶತಮಾನದ ಹುಜ್ವೀರಿ ತಮ್ಮ ‘ಕಶ್ಫುಲ್ ಮಹಜೂಬ್’ ಗ್ರಂಥದಲ್ಲಿ ಈ ಅಂಗಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಹೊಲಿಗೆ ಹೇಗೆಂದರೆ ಹಾಗೆ ಬೀಳಬೇಕೋ, ನೇರವಾಗಿ ಅಚ್ಚುಕಟ್ಟಾಗಿ ಬೀಳಬೇಕೋ ಎಂಬ ಬಗ್ಗೆ ಗುರುಗಳಲ್ಲೇ ಭಿನ್ನಮತವಿತ್ತೆಂದು ಅವರು ಬರೆಯುತ್ತಾರೆ. ಜನರ ಮನ್ನಣೆಗಾಗಿ ತೇಪೆ ತೊಡುವವರ ಬಗ್ಗೆ ಎಚ್ಚರಿಸುತ್ತಾರೆ, ಒಳಗಿನ ಬೆಂಕಿ ಮುಖ್ಯ, ಅಂಗಿಯಲ್ಲ ಎನ್ನುತ್ತಾರೆ. ಚಿಂದಿ ಫ್ಯಾಷನ್ ಆಗುವುದನ್ನು ಅವರು ಸಾವಿರ ವರ್ಷದ ಹಿಂದೆಯೇ ಕಂಡಿದ್ದರು. ಆದರೂ ಕೆಲವರು ವೇಷ ಮಾಡಿದರೆಂದು ಅವರು ತೇಪೆಯನ್ನೇ ತಿರಸ್ಕರಿಸಲಿಲ್ಲ. ಈ ವಿವೇಕ ನಮಗೆ ಪಿನ್ನಿನ ವಿಷಯದಲ್ಲೂ ಬೇಕು.

ಯಾಕೆಂದರೆ ಪಿನ್ನು ಅಂಗಡಿ ಸೇರಿದ ಮೇಲೂ ಬೀದಿಯಲ್ಲಿ ಉಳಿಯಿತು. ಅಮೆರಿಕದ ಮೈಕೇಲ್ ಮುಹಮ್ಮದ್ ನೈಟ್ ಬರೆದ ‘ದ ತಕ್ವಾಕೋರ್ಸ್’ (2003) ಕಾದಂಬರಿಯಲ್ಲಿ ರಾಬೆಯಾ ಎಂಬ ಹುಡುಗಿ ಬ್ಯಾಂಡುಗಳ ಹೆಸರಿನ ತೇಪೆ ಹಚ್ಚಿದ ಬುರ್ಖಾ ತೊಡುತ್ತಾಳೆ. ಆ ಪುಸ್ತಕದಲ್ಲಿ ನಾವು ಒಪ್ಪದ ಸಂಗತಿಗಳು ಬೇಕಾದಷ್ಟಿವೆ. ಆದರೆ ಅದನ್ನು ಓದಿದ ಹುಡುಗರಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂದು ಗೊತ್ತಾಯಿತು. 2005ರ ಸುಮಾರಿಗೆ ಮಸಾಚುಸೆಟ್ಸಿನಲ್ಲಿ ಪಾಕಿಸ್ತಾನಿ ಮೂಲದ ಯುವಕರು ಕಟ್ಟಿದ ತಂಡ ‘ದ ಕೊಮಿನಾಸ್’. ನಮ್ಮ ಉರ್ದುವಿನ ಕಮೀನಾ ಎಂಬ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು. ಬೈಯುವವರ ಬಾಯಿಂದ ಶಬ್ದ ಕಿತ್ತುಕೊಂಡರೆ ಬೈಯುವವರಿಗೆ ಏನು ಉಳಿಯುತ್ತದೆ?

ಈಗ ನಮಗೆ ಕಷ್ಟವಾಗುವ ಮಾತು. 2011ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಬಂಡಾ ಆಚೆಯಲ್ಲಿ ಪಂಕ್ ಸಂಗೀತ ಕಾರ್ಯಕ್ರಮವೊಂದರಿಂದ 60ಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಪೊಲೀಸರು ಹಿಡಿದೊಯ್ದರು. ಹುಡುಗರ ತಲೆ ಬೋಳಿಸಿದರು, ಹುಡುಗಿಯರ ಕೂದಲು ಕತ್ತರಿಸಿದರು, ಕೆರೆಯ ನೀರಿಗಿಳಿಸಿ ಮೀಯಿಸಿದರು. ಸರಪಳಿ, ಕಿವಿ ಮೂಗಿನ ಲೋಹ, ಜಾಕೆಟ್ಟು ಎಲ್ಲವನ್ನೂ ತೆಗೆಸಿ ಹತ್ತು ದಿನ ಪೊಲೀಸ್ ತರಬೇತಿ ಶಾಲೆಯಲ್ಲಿಟ್ಟು ‘ತಿದ್ದಿದರು’. ಯಾವ ಅಪರಾಧದ ಮೊಕದ್ದಮೆಯೂ ಇರಲಿಲ್ಲ. ಷರೀಅತ್ ಆಡಳಿತದ ಪ್ರಾಂತ್ಯದಲ್ಲಿ ಧರ್ಮದ, ಸಂಸ್ಕೃತಿಯ ಹೆಸರಿನಲ್ಲಿ ಇದು ನಡೆಯಿತು. ಅಂಗಿಗೆ ತಾನೇ ತೇಪೆ ಹಾಕಿಕೊಳ್ಳುತ್ತಿದ್ದ ಪ್ರವಾದಿಯವರ ಉಮ್ಮತ್ತಿನವರು ಬಡ ಹುಡುಗರ ಹರಿದ ಬಟ್ಟೆಗೆ ಹೆದರಿದ್ದು ನಮ್ಮನ್ನು ಇಂದಿಗೂ ನೋಯಿಸುತ್ತದೆ.

ಇದನ್ನು ಹೇಳದೆ 2022ರ ಫೆಬ್ರವರಿಯ ಬಗ್ಗೆ ಮಾತಾಡುವ ಹಕ್ಕು ನಮಗಿಲ್ಲ ಎಂದೇ ಇಷ್ಟು ಹೇಳಿದೆವು. ಆ ತಿಂಗಳು ಹೈಕೋರ್ಟಿನ ಮಧ್ಯಂತರ ಆದೇಶದ ನಂತರ ನಮ್ಮ ರಾಜ್ಯದ ಶಾಲಾ ಕಾಲೇಜುಗಳ ಗೇಟಿನಲ್ಲಿ ಹುಡುಗಿಯರು, ಕೆಲವೆಡೆ ಶಿಕ್ಷಕಿಯರೂ, ಕ್ಯಾಮೆರಾಗಳ ಎದುರು ಬುರ್ಖಾ, ಹಿಜಾಬು ತೆಗೆದು ಒಳಹೋಗಬೇಕಾಯಿತು. ಹಿಜಾಬು ತೆಗೆಯುವುದೆಂದರೆ ಮೊದಲು ಗಲ್ಲದ ಕೆಳಗಿನ ಪಿನ್ನು ತೆಗೆಯುವುದು. ಆಚೆಯಲ್ಲಿ ಒಂದು ಬಗೆಯ ಪಿನ್ನು ಹೋಯಿತು, ಇಲ್ಲಿ ಇನ್ನೊಂದು ಬಗೆಯದು. ಎರಡು ಉಡುಪುಗಳ ಅರ್ಥ ಒಂದೇ ಅಲ್ಲ, ಅದು ನಮಗೂ ಗೊತ್ತು. ಆದರೆ ಹದಿನೇಳು ಹದಿನೆಂಟರ ಮಕ್ಕಳು ನಾಲ್ಕು ಜನರ ಎದುರು ಬಟ್ಟೆಯ ಮೇಲಿನ ಕೈ ನಡುಗಿಸುತ್ತ ನಿಂತ ಆ ಗಳಿಗೆ ಒಂದೇ. ಒಂದು ಕಡೆಯದನ್ನು ಖಂಡಿಸಿ ಇನ್ನೊಂದಕ್ಕೆ ಸುಮ್ಮನಿರುವವರು, ಅವರು ಯಾರೇ ಆಗಿರಲಿ, ಉಡುಪಿನ ಸ್ವಾತಂತ್ರ್ಯದ ಮಾತಾಡಬಾರದು.

2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಮತ ಹಾಕಿ, ವಲಸಿಗರ ಮೇಲೆ ಬೈಗುಳ ಹಲ್ಲೆ ಹೆಚ್ಚಿದಾಗ, ಅನೇಕರು ಕೋಟಿಗೆ ಒಂದೇ ಒಂದು ಸೇಫ್ಟಿ ಪಿನ್ನು ಚುಚ್ಚಿಕೊಂಡರು. ನಮ್ಮ ಪಕ್ಕದಲ್ಲಿ ನೀವು ಸುರಕ್ಷಿತರು ಎಂಬುದು ಅದರ ಅರ್ಥ. ಅದೇ ವರ್ಷ ಅಮೆರಿಕದ ಚುನಾವಣೆಯ ನಂತರ ಅಲ್ಲೂ ಹಾಗೆ ಮಾಡಿದರು. ಇದು ಬಿಟ್ಟಿ ಸಮಾಧಾನ ಎಂದು ಟೀಕಿಸಿದವರಿದ್ದರು. ಟೀಕೆಯಲ್ಲಿ ಹುರುಳಿದೆ: ಚುಚ್ಚಿಕೊಳ್ಳಲು ಖರ್ಚಿಲ್ಲ. ಆದರೆ ರಾತ್ರಿಯ ಬಸ್ಸಿನಲ್ಲಿ ತಲೆವಸ್ತ್ರದ ಹೆಣ್ಣುಮಗಳೊಬ್ಬಳನ್ನು ಯಾರೋ ಬೈಯುವಾಗ ಆ ಪಿನ್ನಿನವನು ಎದ್ದು ಬಂದು ಪಕ್ಕದಲ್ಲಿ ಕೂತರೆ ಅದು ಪಿನ್ನು. ಕಿಟಕಿಯಾಚೆ ನೋಡುತ್ತ ಕೂತರೆ ಅಂಗಡಿಯ ಜಾಕೆಟ್ಟಿನದು.

ಹೀಗಾಗಿ ಜಾಕೆಟ್ಟಿನ ಮೇಲೆ ಎಷ್ಟು ಪಿನ್ನಿದೆ ಎಂದು ನಾವು ಎಣಿಸುವುದಿಲ್ಲ. ಅದನ್ನು ತೊಟ್ಟಿದ್ದಕ್ಕೆ ಬೆಲೆ ತೆತ್ತವರು ಯಾರು, ದುಡ್ಡು ಮಾಡಿದವರು ಯಾರು ಎಂದು ಕೇಳುತ್ತೇವೆ. ನಮ್ಮ ಮಕ್ಕಳು ಹಳೆಯ ಜಾಕೆಟ್ಟಿಗೆ ತಾವೇ ಪಿನ್ನು ಚುಚ್ಚಿಕೊಂಡು ಬಂದರೆ ಬೈಯುವ ಮೊದಲು ಒಂದು ಗಳಿಗೆ ಕೂತು ಕೇಳೋಣ: ಏನು ಹರಿದಿದೆ ಮಗ?

ಈ ಲೇಖನ ಬರೆಯುವ ಮುಂಚೆ ಸರ್ಕಾರಿ ಬಸ್ಸಿನಲ್ಲಿ ಕಂಡದ್ದು ಒಂದಿದೆ. ಕಾಲೇಜು ಹುಡುಗಿಯೊಬ್ಬಳ ಚೀಲದ ಪಟ್ಟಿ ಕಿತ್ತುಬಂತು, ಪುಸ್ತಕಗಳು ಬಿದ್ದವು. ಮುಂದಿನ ಸೀಟಿನ ಮಧ್ಯವಯಸ್ಸಿನ ಹೆಂಗಸು ತಿರುಗಿ ನೋಡಿ, ಏನೂ ಮಾತಾಡದೆ, ತನ್ನ ಬಳೆಯಿಂದ ಒಂದು ಪಿನ್ನು ಬಿಡಿಸಿ ಕೊಟ್ಟಳು. ಹುಡುಗಿ ಪಟ್ಟಿಗೆ ಚುಚ್ಚಿಕೊಂಡು ತನ್ನ ಸ್ಟಾಪಿನಲ್ಲಿ ಇಳಿದಳು. ಅಂಗಡಿಯ ಜಾಕೆಟ್ಟಿನ ಮೇಲೆ ನೂರಾರು ಪಿನ್ನಿದ್ದರೂ ಆ ಹುಡುಗಿಗೆ ಕೊಡಲು ಅದರಿಂದ ಒಂದೂ ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ.