ಮಳಿಗೆಯೊಳಗಿನ ಆಕಾಶ

ಉಚಿತ ವಿಜ್ಞಾನ ಹಬ್ಬದ ಬಗ್ಗೆ ಯಾರೂ ಕೆಟ್ಟ ಮಾತಾಡುವುದಿಲ್ಲ. ಪ್ರವೇಶಕ್ಕೆ ದುಡ್ಡಿಲ್ಲ, ಮನೆಮಂದಿಯೆಲ್ಲ ಬರಬಹುದು, ಮಕ್ಕಳು ಕೈಯಾರೆ ಮಾಡಿ ಕಲಿಯಬಹುದು. ಹಳ್ಳಿ ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಲು ಇದೇ ಸರಿಯಾದ ದಾರಿ ಎಂಬ ಮಾತು ಪುತ್ತೂರು, ಸುಳ್ಯ, ಕಡಬದ ಶಾಲಾ ವೇದಿಕೆಗಳಿಗೂ ಒಗ್ಗುವಂಥದ್ದು. ಉದ್ದೇಶಕ್ಕೆ ನನ್ನ ತಕರಾರಿಲ್ಲ. ಖಗೋಳದ ಮಟ್ಟಿಗೆ ಮಾತ್ರ ಈ ಮೂರು ಹೊಗಳಿಕೆಗಳಲ್ಲಿ ಒಂದೂ ಗಟ್ಟಿಯಲ್ಲ.

ಕೈಯಾರೆ ಕಲಿಯುವುದನ್ನೇ ತೆಗೆದುಕೊಳ್ಳಿ. ದೂರದರ್ಶಕದ ಮುಂದೆ ಉದ್ದದ ಸಾಲು. ಒಂದು ಮಗು ಇಣುಕುವಷ್ಟರಲ್ಲಿ ಚಂದ್ರ ಅಂಚಿಗೆ ಜಾರಿರುತ್ತಾನೆ. ಸ್ವಯಂಸೇವಕರು ಕೊಳವೆಯನ್ನು ತುಸು ತಳ್ಳಿ, ಚಂದ್ರನನ್ನು ನಡುವಿಗೆ ತಂದು, ಮುಂದಿನವರನ್ನು ಕರೆಯುತ್ತಾರೆ. ಪಾಠವಿದ್ದದ್ದು ಆ ಜಾರುವಿಕೆಯಲ್ಲೇ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಕೊಳವೆಯನ್ನು ಮುಟ್ಟದೆ ಎರಡು ನಿಮಿಷ ಬಿಟ್ಟರೆ ಚಂದ್ರ ತನ್ನಗಲದಷ್ಟು ಸರಿದಿರುತ್ತಾನೆ. ಭೂಮಿ ತಿರುಗುವುದನ್ನು ಕಣ್ಣಾರೆ ಕಾಣುವ ಅವಕಾಶವನ್ನೇ ನಾವು ಅಡಚಣೆಯೆಂದು ಸರಿಪಡಿಸಿಬಿಡುತ್ತೇವೆ.

ಇನ್ನು ಉಚಿತದ ಮಾತು. ನಕ್ಷತ್ರ ಕಾಣುವ ಹೊತ್ತಿಗೆ ಒಳಹಳ್ಳಿಗಳ ಕೊನೆಯ ಬಸ್ಸು ಹೋಗಿರುತ್ತದೆ. ಟಿಕೇಟಿಲ್ಲದ ಹಬ್ಬಕ್ಕೆ ಜೀಪಿನ ಬಾಡಿಗೆ ಕೊಡಬೇಕು. ಹಾಗಾಗಿ ಹಲವೆಡೆ ಕಾರ್ಯಕ್ರಮ ಸಂಜೆ ಐದಕ್ಕೇ ಮುಗಿದು, ಆಕಾಶವೆಂದರೆ ಸಭಾಂಗಣದಲ್ಲಿ ತೂಗುವ ಥರ್ಮಾಕೋಲ್ ಗ್ರಹಗಳು ಎಂದಾಗುತ್ತದೆ.

ಮನೆಮಂದಿಯೆಲ್ಲ ಬರುವ ಮಾತಿಗೆ ಬಂದರೆ, ‘ಸಣ್ಣ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೊರಗಿರುವುದು ಹೇಗೆ?’ ಎಂಬ ಪ್ರಶ್ನೆಗೆ ಈ ಸೀಮೆ ಎಂದೋ ಉತ್ತರ ಕೊಟ್ಟಿದೆ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಬಯಲಾಟಕ್ಕೂ ದೈವದ ನೇಮಕ್ಕೂ ಚಾಪೆ ಹಿಡಿದು ಹೊರಡುವ ಜನ ನಾವು. ಮಳೆಮೋಡವಿಲ್ಲದ ಆಕಾಶದ ಕಾಲವೂ ಹೆಚ್ಚುಕಡಿಮೆ ಅದೇ. ಫೆಬ್ರವರಿಯಲ್ಲಿ ಇಡೀ ರಾತ್ರಿಯ ಆಟ ಶುರುವಾಗುವಾಗ ನೆತ್ತಿಯ ಬಳಿಯಿದ್ದ ಮಹಾವ್ಯಾಧ, ಚೌಕಿಯಲ್ಲಿ ಬಣ್ಣ ತೆಗೆಯುವ ಹೊತ್ತಿಗೆ ಮುಳುಗಿರುತ್ತಾನೆ. ದಕ್ಷಿಣದಲ್ಲಿ ವೃಶ್ಚಿಕ ನಿಂತಿರುತ್ತದೆ. ಊರಿನ ಆಟದ ಗದ್ದೆಯ ಬದಿಗೆ ಒಂದು ದೂರದರ್ಶಕ ಇಡಲು ಪ್ರತ್ಯೇಕ ಪೆಂಡಾಲು ಬೇಡ, ಬಾಡಿಗೆ ಜೀಪೂ ಬೇಡ.

ಹಗಲಿನ ಪಾಠವಂತೂ ತೋಟದಲ್ಲೇ ಇದೆ. ಚಳಿಗಾಲದ ಇಳಿಬಿಸಿಲು ನೈಋತ್ಯದಿಂದ ಬಡಿದು ಅಡಿಕೆ ಮರದ ಕಾಂಡ ಸುಡುತ್ತದೆ. ಅದಕ್ಕೇ ದಕ್ಷಿಣೋತ್ತರ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ಗಿಡ ನೆಡಬೇಕೆಂಬ ಶಿಫಾರಸು ಇದೆ. ಸೂರ್ಯನ ದಾರಿಯನ್ನು ಅಡಿಕೆ ಬೆಳೆಗಾರರಿಗಿಂತ ಚೆನ್ನಾಗಿ, ಅದೂ ಖರ್ಚಿನ ಲೆಕ್ಕದಲ್ಲಿ, ತಿಳಿದವರು ಯಾರು? ಅಡಿಕೆ ಒಣಗುವ ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿದರೆ, ಏಪ್ರಿಲ್ ನಡುವಿನ ಬಿಸು ಹಬ್ಬದ ನಡುಹಗಲಲ್ಲಿ ನೆರಳು ಉತ್ತರಕ್ಕಿರುತ್ತದೆ. ಹತ್ತು ದಿನಗಳ ಆಸುಪಾಸಿನಲ್ಲಿ ಅದು ಮಾಯವಾಗಿ, ಆಮೇಲೆ ಆಗಸ್ಟ್ ಮೂರನೆಯ ವಾರದವರೆಗೂ ದಕ್ಷಿಣಕ್ಕೆ ಬೀಳುತ್ತದೆ. ಆ ನಡುಹಗಲೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹತ್ತಿರ. ನಮ್ಮ ಗಡಿಯಾರ ನಡೆಯುವುದು ಪೂರ್ವದ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಆದರೆ ನೆರಳಿಲ್ಲದ ಮೊದಲ ದಿನ ಬರುವುದು ಬೇಸಿಗೆ ರಜೆಯಲ್ಲಿ, ಎರಡನೆಯದು ಮಳೆಗಾಲದಲ್ಲಿ. ನಾವೋ ವಿಜ್ಞಾನವನ್ನು ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಕಟ್ಟಿಹಾಕಿದ್ದೇವೆ.

ಒಮ್ಮೆ ಕಂಡ ಬೆರಗು ಸಾಕು, ಆಸಕ್ತಿ ತಾನಾಗಿ ಹುಟ್ಟುತ್ತದೆ ಎನ್ನುವವರಿದ್ದಾರೆ. ಶನಿಯ ಬಳೆ ಕಂಡ ಮಗುವಿನ ಉದ್ಗಾರವನ್ನು ನಾನೂ ಹಗುರವಾಗಿ ಕಾಣುವುದಿಲ್ಲ. ಆದರೆ 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯನೇ ಬಳೆಯಾಗಿ ಮಂಗಳೂರು, ಕಾಸರಗೋಡು, ಕೊಡಗಿನ ಮೇಲೆ ಹಾದುಹೋದ. ಅದಕ್ಕಿಂತ ದೊಡ್ಡ ಉಚಿತ ಹಬ್ಬ ಇನ್ನೇನಿದೆ? ಗ್ರಹಣದ ಕನ್ನಡಕಗಳು ಕಪಾಟು ಸೇರಿದವು. ಮುಂದಿನ ಅಮಾವಾಸ್ಯೆಗೆ ಗ್ರಹಣ ಏಕಿಲ್ಲ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಯಾರೂ ಮಳಿಗೆ ತೆರೆದಿರಲಿಲ್ಲ.

ಹಬ್ಬ ಬೇಡವೆಂದಲ್ಲ, ಅದು ಕೊನೆಯಲ್ಲಿ ಬರಲಿ. ನವೆಂಬರಿನಲ್ಲೇ ಮಕ್ಕಳಿಗೆ ಕೋಲಿನ ನೆರಳು ಅಳೆಯುವ ಕೆಲಸ ಕೊಟ್ಟು, ಬೇಸಿಗೆಯ ಹಬ್ಬಕ್ಕೆ ಆ ನೋಟ್‌ಬುಕ್ ತರಲು ಹೇಳಿ. ಪ್ರವೇಶ ಉಚಿತವೇ ಇರಲಿ. ಅಳತೆ ಹಿಡಿದು ಬಂದ ಹುಡುಗಿಯ ಪ್ರಶ್ನೆಗೆ ಸಂಪನ್ಮೂಲ ವ್ಯಕ್ತಿ ತಡವರಿಸಿದರೆ, ಆ ಹಬ್ಬ ಸಾರ್ಥಕವಾಯಿತೆಂದು ನಾನೂ ಒಪ್ಪುತ್ತೇನೆ.